ಕಾಟು ಹಾಕಿದ ಕಸದ ತೊಟ್ಟಿ: ಇ-ತ್ಯಾಜ್ಯದ ಕಾನೂನುಗಳ ಹಿಂದಿನ ಜಗಳಗಳು

ಮೊಬೈಲ್ ಚಾರ್ಜರನ್ನು ಒಮ್ಮೆ ಮಗುಚಿ ನೋಡಿ. ಭೂತಗನ್ನಡಿ ಬೇಕೆನಿಸುವಷ್ಟು ಸಣ್ಣ ಅಕ್ಷರಗಳ ನಡುವೆ ಒಂದು ಚಿತ್ರ ಕಾಣುತ್ತದೆ. ಗಾಲಿಯಿರುವ ಕಸದ ತೊಟ್ಟಿ, ಅದರ ಮೇಲೆ ಓರೆಯಾಗಿ ಎರಡು ಗೆರೆ ಎಳೆದು ಕಾಟು ಹಾಕಿದ್ದಾರೆ. ಇದನ್ನು ಮಾಮೂಲಿ ಕಸದ ಜೊತೆ ಎಸೆಯಬೇಡಿ ಎಂದು ಅರ್ಥ. ಅಷ್ಟು ಬಹಳ ಜನಕ್ಕೆ ಗೊತ್ತು. ತೊಟ್ಟಿಯ ಕೆಳಗೆ ದಪ್ಪನೆಯ ಕಪ್ಪು ಪಟ್ಟಿಯೊಂದು ಇರುತ್ತದೆ, ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ. ಈ ವಸ್ತು 2005ರ ಆಗಸ್ಟ್ 13ರ ನಂತರ ಮಾರುಕಟ್ಟೆಗೆ ಬಂದದ್ದು ಎಂದು ಆ ಪಟ್ಟಿ ಹೇಳುತ್ತದೆ. ಯುರೋಪಿನ ಒಕ್ಕೂಟದಲ್ಲಿ ಆ ದಿನಾಂಕದ ಈಚೆಗೆ ಮಾರಿದ ವಿದ್ಯುತ್ ಉಪಕರಣ ಹಾಳಾದಾಗ ಅದನ್ನು ವಿಲೇವಾರಿ ಮಾಡುವ ಖರ್ಚು ತಯಾರಿಸಿದವನದು. ಅದಕ್ಕೂ ಹಿಂದಿನ ರಾಶಿಯ ಖರ್ಚನ್ನು ಮಾರುಕಟ್ಟೆಯಲ್ಲಿರುವ ತಯಾರಕರೆಲ್ಲ ಸೇರಿ ಹಂಚಿಕೊಳ್ಳಬೇಕು. ಉಗುರಿನ ಅಗಲವೂ ಇಲ್ಲದ ಆ ಪಟ್ಟಿಗಾಗಿ ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದಿದೆ.

ಇ-ತ್ಯಾಜ್ಯದ ಕಾನೂನುಗಳನ್ನು ಓದಲು ಕುಳಿತವರು ಎರಡನೇ ಪುಟಕ್ಕೆ ಆಕಳಿಸುತ್ತಾರೆ. ಅನುಬಂಧ, ಉಪಕಲಮು, ವೈ49, ಎ1181 ಎಂಬಂಥ ಸಂಕೇತಗಳು ಮೂಟೆಗಟ್ಟಲೆ ಎದುರಾಗುತ್ತವೆ. ನನಗೆ ಅವು ತಲೆಗೆ ಹತ್ತತೊಡಗಿದ್ದು ಬೇರೊಂದು ದಾರಿಯಲ್ಲಿ. ಪ್ರತಿ ಕಲಮಿನ ಪಕ್ಕದಲ್ಲಿ ‘ಇದಕ್ಕಾಗಿ ಬೀದಿಗಿಳಿದವರು ಯಾರು, ಇದರಿಂದ ನುಣುಚಿಕೊಂಡವರು ಯಾರು’ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳತೊಡಗಿದೆ. ಆಗ ಒಣ ಕಲಮುಗಳು ಕಥೆಯ ಹಾಗೆ ಬಿಚ್ಚಿಕೊಂಡವು. ಈ ಲೇಖನವೂ ಅದೇ ಕ್ರಮದಲ್ಲಿದೆ.

ಮೊದಲು ಗಾತ್ರದ ಅಂದಾಜು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತು. 2010ರಲ್ಲಿ ಅದು 3.4 ಕೋಟಿ ಟನ್ ಇತ್ತು. ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋಯಿತೆಂದು ದಾಖಲೆ ಇರುವುದು ಶೇ 22.3ರಷ್ಟಕ್ಕೆ ಮಾತ್ರ. ಉಳಿದದ್ದು ಗುಂಡಿಗೆ, ಬೆಂಕಿಗೆ, ಕಪಾಟಿನ ಮೂಲೆಗೆ ಅಥವಾ ಬೇರೊಂದು ದೇಶದ ಹಿತ್ತಿಲಿಗೆ ಸೇರಿರುತ್ತದೆ.

ಈ ಕಸದ ಸ್ವಭಾವವೇ ವಿಚಿತ್ರ. ಒಂದೇ ಸರ್ಕ್ಯೂಟ್ ಬೋರ್ಡಿನಲ್ಲಿ ಚಿನ್ನ, ತಾಮ್ರ, ಪಲ್ಲಾಡಿಯಮ್ ಇರುತ್ತವೆ. ಅದೇ ಬೋರ್ಡಿನಲ್ಲಿ ಸೀಸವೂ ಬ್ರೋಮಿನ್ ಬೆರೆತ ರಾಸಾಯನಿಕಗಳೂ ಇರುತ್ತವೆ. ಹಳೆಯ ಡಬ್ಬಾ ಟಿವಿಯ ಗಾಜಿನಲ್ಲಿ ಸೀಸ ಕಿಲೋಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಎಲ್‌ಇಡಿ ಬರುವುದಕ್ಕೆ ಮುಂಚಿನ ಎಲ್‌ಸಿಡಿ ಪರದೆಗಳ ಹಿಂದೆ ಪಾದರಸ ತುಂಬಿದ ಸಣ್ಣ ಕೊಳವೆದೀಪಗಳಿವೆ. ವೈರಿನಿಂದ ಪ್ಲಾಸ್ಟಿಕ್ ಸುಲಿಯುತ್ತಾ ಕುಳಿತರೆ ದಿನ ಹೋಗುತ್ತದೆ, ಸುಟ್ಟರೆ ನಿಮಿಷಗಳಲ್ಲಿ ತಾಮ್ರ ಕೈಗೆ ಬರುತ್ತದೆ. ಆದರೆ ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇರುತ್ತದೆ. ಬೆಲೆಬಾಳುವುದನ್ನು ಕಿತ್ತುಕೊಂಡು ವಿಷವನ್ನು ಅಲ್ಲೇ ಬಿಟ್ಟು ಹೋಗುವುದು ಅತ್ಯಂತ ಅಗ್ಗದ ವ್ಯಾಪಾರ. ಎಲ್ಲ ಕಾನೂನುಗಳೂ ತಡೆಯಲು ಹೆಣಗುವುದು ಈ ವ್ಯಾಪಾರವನ್ನು.

ಮೊದಲ ಪ್ರತಿಭಟನೆ ಕಸದ್ದಲ್ಲ

ಗಣಕಯಂತ್ರಗಳ ವಿಷದ ವಿರುದ್ಧ ಜನ ಸಂಘಟಿತರಾಗಿ ಎದ್ದ ಮೊದಲ ಕಥೆಗಳಲ್ಲೊಂದು ನಡೆದದ್ದು ಕಸದ ರಾಶಿಯಿಂದ ಬಹಳ ದೂರದಲ್ಲಿ, ಅವು ಹುಟ್ಟಿದ ಜಾಗದಲ್ಲಿ. ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆ ತನ್ನನ್ನು ಹೊಗೆ ಕೊಳವೆಗಳಿಲ್ಲದ ಸ್ವಚ್ಛ ಕೈಗಾರಿಕೆಯ ನೆಲವೆಂದು ಕರೆದುಕೊಳ್ಳುತ್ತಿದ್ದ ಕಾಲ ಅದು. 1980ರ ದಶಕದ ಆರಂಭದಲ್ಲಿ ದಕ್ಷಿಣ ಸ್ಯಾನ್ ಹೊಸೆಯ ಫೇರ್‌ಚೈಲ್ಡ್ ಚಿಪ್ ಕಾರ್ಖಾನೆಯ ನೆಲದಡಿಯ ತೊಟ್ಟಿಯಿಂದ ದ್ರಾವಕಗಳು ಸೋರಿ ಕುಡಿಯುವ ನೀರಿನ ಬಾವಿ ಸೇರಿರುವುದು ಬಯಲಾಯಿತು. ಸುತ್ತಲಿನ ಮನೆಗಳವರು ಗರ್ಭಪಾತಗಳನ್ನು, ಹುಟ್ಟಿನಲ್ಲೇ ತೊಂದರೆಯಿದ್ದ ಮಕ್ಕಳನ್ನು ಎಣಿಸತೊಡಗಿದರು. 1982ರಲ್ಲಿ ‘ಸಿಲಿಕಾನ್ ವ್ಯಾಲಿ ಟಾಕ್ಸಿಕ್ಸ್ ಕೊಅಲಿಷನ್’ ಹುಟ್ಟಿತು. ಹೊಗೆ ಕಾಣದಿದ್ದ ಮಾತ್ರಕ್ಕೆ ಬೆಂಕಿ ಇಲ್ಲವೆಂದಲ್ಲ ಎಂಬುದನ್ನು ಆ ಜನ ಮೊದಲು ಅರಿತರು. ಇದೇ ಸಂಘಟನೆ ಇಪ್ಪತ್ತು ವರ್ಷಗಳ ನಂತರ ಅದೇ ಯಂತ್ರಗಳ ಹೆಣಗಳನ್ನು ಹುಡುಕುತ್ತಾ ಚೀನಾದವರೆಗೆ ಹೋಯಿತು.

ಅತ್ತ ಇನ್ನೊಂದು ಕಥೆ ಸಮುದ್ರದ ಮೇಲೆ ನಡೆಯುತ್ತಿತ್ತು. 1986ರಲ್ಲಿ ಫಿಲಡೆಲ್ಫಿಯಾ ನಗರದ ಕಸ ಸುಟ್ಟ ಬೂದಿಯನ್ನು ತುಂಬಿಕೊಂಡು ‘ಖಿಯಾನ್ ಸೀ’ ಎಂಬ ಹಡಗು ಹೊರಟಿತು. ಅದರಲ್ಲಿದ್ದದ್ದು ಸುಮಾರು 14,000 ಟನ್. ಯಾವ ಬಂದರೂ ಒಳಗೆ ಬಿಟ್ಟುಕೊಳ್ಳಲಿಲ್ಲ. 1988ರ ಆರಂಭದಲ್ಲಿ ಹೈಟಿಯ ಗೊನಾಯೀವ್ ತೀರದಲ್ಲಿ ಸುಮಾರು 4,000 ಟನ್ ಬೂದಿಯನ್ನು ‘ಗೊಬ್ಬರ’ ಎಂದು ಹೇಳಿ ಸುರಿದು ಹಡಗು ಕಾಲ್ತೆಗೆಯಿತು. ಮುಂದೆ ಅದು ಎರಡು ಸಲ ಹೆಸರು ಬದಲಿಸಿತು, ಉಳಿದ ಬೂದಿ ಸಮುದ್ರದ ಪಾಲಾಯಿತು. ಹೈಟಿಯ ಬೂದಿಯನ್ನು ವಾಪಸು ಕರೆಸಿಕೊಳ್ಳಿ ಎಂದು ಒತ್ತಾಯಿಸುತ್ತಾ ಚಳವಳಿಗಾರರು ಅಂಚೆಯ ಲಕೋಟೆಗಳಲ್ಲಿ ಅದೇ ಬೂದಿಯನ್ನು ಹಾಕಿ ಅಧಿಕಾರಿಗಳಿಗೆ ಕಳುಹಿಸಿದರು. ಕೊನೆಗೆ ಬೂದಿ 2000ರಲ್ಲಿ ಹೈಟಿಯಿಂದ ಹೊರಟು 2002ರಲ್ಲಿ ಪೆನ್ಸಿಲ್ವೇನಿಯಾದ ನೆಲ ಸೇರಿತು. ಹದಿನಾರು ವರ್ಷಗಳ ಪ್ರಯಾಣ. 1988ರಲ್ಲೇ ನೈಜೀರಿಯಾದ ಕೊಕೊ ಬಂದರಿನ ಬಳಿ ಇಟಲಿಯಿಂದ ಬಂದ ಸಾವಿರಾರು ಟನ್ ವಿಷಕಾರಿ ತ್ಯಾಜ್ಯದ ಪೀಪಾಯಿಗಳು ಪತ್ತೆಯಾಗಿ ಆಫ್ರಿಕಾದ ತುಂಬಾ ಆಕ್ರೋಶ ಎದ್ದಿತು.

ಎರಡರಲ್ಲೂ ಇ-ತ್ಯಾಜ್ಯ ಇರಲಿಲ್ಲ. ಆದರೂ ಇ-ತ್ಯಾಜ್ಯದ ಇಂದಿನ ಜಾಗತಿಕ ಕಾನೂನಿನ ಬೇರು ಇಲ್ಲೇ ಇದೆ. ಈ ಗದ್ದಲದ ನಡುವೆ 1989ರ ಮಾರ್ಚ್ 22ರಂದು ಬಾಸೆಲ್ ಒಪ್ಪಂದ ಅಂಗೀಕಾರವಾಯಿತು, 1992ರಲ್ಲಿ ಜಾರಿಗೆ ಬಂತು.

ಒಪ್ಪಂದದ ತಿರುಳು ಸರಳ. ಅಪಾಯಕಾರಿ ತ್ಯಾಜ್ಯ ಕಳುಹಿಸುವ ದೇಶ ಮೊದಲು ಪಡೆಯುವ ದೇಶಕ್ಕೆ, ನಡುವೆ ಹಾದುಹೋಗುವ ದೇಶಗಳಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಅವು ಬರವಣಿಗೆಯಲ್ಲೇ ಒಪ್ಪಿದ ಮೇಲೆ ಹಡಗು ಹೊರಡಬೇಕು. ಒಪ್ಪಿಗೆಯಿಲ್ಲದೆ ಬಂದ ಸರಕನ್ನು ಕಳುಹಿಸಿದ ದೇಶ ವಾಪಸು ಕರೆಸಿಕೊಳ್ಳಬೇಕು. ಇದಕ್ಕೆ ಪೂರ್ವಮಾಹಿತಿ ಸಮ್ಮತಿ ಎಂದು ಹೆಸರು. ಬಾಡಿಗೆದಾರರನ್ನು ಕೇಳದೆ ಅವರ ಅಂಗಳದಲ್ಲಿ ಸಾಮಾನು ಇಳಿಸಬಾರದು ಎಂಬಷ್ಟೇ ಸಾಮಾನ್ಯ ಮರ್ಯಾದೆ. ಆದರೆ ಆಫ್ರಿಕಾದ ದೇಶಗಳಿಗೆ ಇದು ಸಾಲಲಿಲ್ಲ. ಬಡ ದೇಶದ ಒಬ್ಬ ಅಧಿಕಾರಿಯ ಸಹಿಯನ್ನು ಪಡೆಯುವುದು ಎಷ್ಟು ಸುಲಭವೆಂದು ಅವರಿಗೆ ಗೊತ್ತಿತ್ತು. 1991ರಲ್ಲಿ ಅವು ಮಾಲಿ ದೇಶದ ರಾಜಧಾನಿ ಬಮಾಕೊದಲ್ಲಿ ಸೇರಿ, ಖಂಡದೊಳಗೆ ಅಪಾಯಕಾರಿ ತ್ಯಾಜ್ಯ ಬರುವುದನ್ನೇ ನಿಷೇಧಿಸುವ ತಮ್ಮದೇ ಒಪ್ಪಂದ ಮಾಡಿಕೊಂಡವು. ಬಾಸೆಲ್‌ನಲ್ಲೂ ಶ್ರೀಮಂತ ದೇಶಗಳಿಂದ ಬಡ ದೇಶಗಳಿಗೆ ಸಾಗಣೆಯನ್ನು ಪೂರ್ತಿ ನಿಲ್ಲಿಸುವ ತಿದ್ದುಪಡಿ 1995ರಲ್ಲಿ ಅಂಗೀಕಾರವಾಯಿತು. ಅದು ಜಾರಿಗೆ ಬರಲು ಬೇಕಾದಷ್ಟು ದೇಶಗಳ ಅನುಮೋದನೆ ಪೂರ್ತಿಯಾದದ್ದು 2019ರಲ್ಲಿ ಕ್ರೊಯೇಷಿಯಾ ಒಪ್ಪಿದಾಗ. ಆ ತಿದ್ದುಪಡಿ ಅಂಗೀಕಾರವಾದ ವರ್ಷ ಹುಟ್ಟಿದ ಮಗು ಆ ಹೊತ್ತಿಗೆ ಓದು ಮುಗಿಸಿ ಕೆಲಸಕ್ಕೆ ಸೇರಿರುತ್ತದೆ. ಅಮೆರಿಕವಂತೂ 1990ರಲ್ಲೇ ಬಾಸೆಲ್‌ಗೆ ಸಹಿ ಹಾಕಿ, ಇಂದಿಗೂ ಅನುಮೋದಿಸದೆ ಹೊರಗೇ ನಿಂತಿದೆ.

ಗುಯ್ಯು ಎಂಬ ಊರು

2002ರ ಫೆಬ್ರುವರಿಯಲ್ಲಿ ಸಿಯಾಟಲ್‌ನ ‘ಬಾಸೆಲ್ ಆ್ಯಕ್ಷನ್ ನೆಟ್‌ವರ್ಕ್’ ಮತ್ತು ಮೇಲೆ ಹೇಳಿದ ಸಿಲಿಕಾನ್ ಕಣಿವೆಯ ಸಂಘಟನೆ ಒಂದು ವರದಿಯನ್ನೂ ಚಿತ್ರವನ್ನೂ ಹೊರತಂದವು. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಗುಯ್ಯು ಎಂಬ ಊರಿನಲ್ಲಿ ಜನ ಕಲ್ಲಿದ್ದಲ ಒಲೆಯ ಮೇಲೆ ಸರ್ಕ್ಯೂಟ್ ಬೋರ್ಡ್ ಇಟ್ಟು, ಬೆಸುಗೆಯ ಸೀಸ ಕರಗುತ್ತಿದ್ದಂತೆ ಚಿಪ್‌ಗಳನ್ನು ಇಕ್ಕಳದಿಂದ ಎತ್ತುತ್ತಿದ್ದರು. ಹೊಳೆಯ ದಡದಲ್ಲಿ ಆಮ್ಲದ ಪೀಪಾಯಿಗಳಲ್ಲಿ ಚಿಪ್‌ಗಳನ್ನು ಮುಳುಗಿಸಿ ಚಿನ್ನ ತೆಗೆದು, ಉಳಿದ ಆಮ್ಲವನ್ನು ಅಲ್ಲೇ ಚೆಲ್ಲುತ್ತಿದ್ದರು. ಅಂತರ್ಜಲ ಕೆಟ್ಟು ಕುಡಿಯುವ ನೀರನ್ನು ಹೊರಗಿನಿಂದ ಲಾರಿಯಲ್ಲಿ ತರುತ್ತಿದ್ದರು. ಮಾನಿಟರುಗಳ ಹಿಂಬದಿಯಲ್ಲಿ ಅಂಟಿಸಿದ್ದ ಚೀಟಿಗಳಲ್ಲಿ ಅಮೆರಿಕದ ಸಂಸ್ಥೆಗಳ ಹೆಸರು ಹಾಗೇ ಉಳಿದಿತ್ತು.

ನೋಡಿದವರ ಮನಸ್ಸಿನಲ್ಲಿ ನಿಂತದ್ದು ಆ ಚೀಟಿಗಳು. ವಿಷದ ಬಗ್ಗೆ ಮಾತಾಡುವಾಗ ಜನ ತಲೆಯಾಡಿಸಿ ಸುಮ್ಮನಾಗುತ್ತಾರೆ. ತಮ್ಮದೇ ಊರಿನ ಶಾಲೆಯ, ಕಚೇರಿಯ ಹೆಸರು ಕಂಡರೆ ಸುಮ್ಮನಿರುವುದು ಕಷ್ಟ. ಮುಂದಿನ ವರ್ಷಗಳಲ್ಲಿ ಚಳವಳಿ ಈ ಪಾಠವನ್ನು ಮರೆಯಲಿಲ್ಲ. ಸರ್ಕಾರದ ಕಡೆ ಕೂಗುವುದಕ್ಕಿಂತ ಡಬ್ಬಿಯ ಮೇಲಿನ ಹೆಸರಿನ ಕಡೆ ಬೆರಳು ತೋರಿಸುವುದು ಬೇಗ ಫಲ ಕೊಡುತ್ತಿತ್ತು.

2003ರ ಜನವರಿಯಲ್ಲಿ ಲಾಸ್ ವೇಗಸ್‌ನ ಗ್ರಾಹಕ ಎಲೆಕ್ಟ್ರಾನಿಕ್ಸ್ ಮೇಳದ ಎದುರು ಕೆಲವರು ಕೈದಿಗಳ ಉಡುಪು ತೊಟ್ಟು ನಿಂತರು. ಡೆಲ್ ಕಂಪನಿ ಹಳೆಯ ಕಂಪ್ಯೂಟರುಗಳನ್ನು ಬಿಚ್ಚುವ ಕೆಲಸವನ್ನು ಅಮೆರಿಕದ ಒಕ್ಕೂಟ ಸರ್ಕಾರದ ಜೈಲು ಉದ್ಯಮಕ್ಕೆ ಕೊಟ್ಟಿತ್ತು. ಆ ವರ್ಷವೇ ಡೆಲ್ ಜೈಲುಗಳನ್ನು ಕೈಬಿಟ್ಟಿತು. 2006ರ ಹೊತ್ತಿಗೆ ತನ್ನ ಸರಕನ್ನು ಗ್ರಾಹಕರಿಂದ ಉಚಿತವಾಗಿ ವಾಪಸು ಪಡೆಯತೊಡಗಿತು. ಜೈಲುಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. 2010ರಲ್ಲಿ ಅಮೆರಿಕದ ನ್ಯಾಯ ಇಲಾಖೆಯ ತನಿಖಾಧಿಕಾರಿಗಳೇ ಅಲ್ಲಿನ ಕೈದಿಗಳೂ ಸಿಬ್ಬಂದಿಯೂ ಸೀಸ, ಕ್ಯಾಡ್ಮಿಯಮ್ ಧೂಳಿಗೆ ಒಡ್ಡಿಕೊಂಡಿದ್ದರೆಂದು ದಾಖಲಿಸಿದರು.

2006ರಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆ ಕಂಪನಿಗಳಿಗೆ ಅಂಕಪಟ್ಟಿ ಕೊಡಲು ಶುರುಮಾಡಿತು. ಆಪಲ್‌ಗೆ ಬಂದ ಅಂಕ ಹೇಳಿಕೊಳ್ಳುವಂತಿರಲಿಲ್ಲ. ಆಪಲ್‌ನ ಅಭಿಮಾನಿಗಳನ್ನೇ ಮುಂದಿಟ್ಟುಕೊಂಡು, ‘ನಮ್ಮ ಪ್ರೀತಿಯ ಯಂತ್ರವನ್ನು ಹಸಿರು ಮಾಡಿ’ ಎಂಬ ಧಾಟಿಯಲ್ಲಿ ಅಭಿಯಾನ ನಡೆಯಿತು. ಬೈಗುಳಕ್ಕೆ ಬಗ್ಗದವರು ಮುನಿಸಿಗೆ ಬಗ್ಗುತ್ತಾರೆ. 2007ರ ಮೇ 2ರಂದು ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಪಾದರಸ, ಆರ್ಸೆನಿಕ್, ಪಿವಿಸಿ, ಬ್ರೋಮಿನ್ ರಾಸಾಯನಿಕಗಳನ್ನು ಕೈಬಿಡುವ ಯೋಜನೆ ಪ್ರಕಟಿಸಿದರು. ಐದು ವರ್ಷಗಳ ನಂತರ, 2012ರ ಜುಲೈಯಲ್ಲಿ, ಅದೇ ಕಂಪನಿ ಪರಿಸರಸ್ನೇಹಿ ಕಂಪ್ಯೂಟರುಗಳ ಒಂದು ಮಾನ್ಯತಾ ಪಟ್ಟಿಯಿಂದ ತನ್ನ ಹೆಸರು ತೆಗೆಸಿತು. ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತ ಇನ್ನು ಮುಂದೆ ಆಪಲ್ ಕಂಪ್ಯೂಟರ್ ಕೊಳ್ಳುವುದಿಲ್ಲ ಎಂದಿತು. ಕೆಲವೇ ದಿನಗಳಲ್ಲಿ ಕಂಪನಿ ತಪ್ಪಾಯಿತೆಂದು ಪಟ್ಟಿಗೆ ಮರಳಿತು. ಬೀದಿಯ ಘೋಷಣೆ ಕಚೇರಿಯ ಖರೀದಿ ಆದೇಶವಾಗಿ ಬದಲಾದಾಗ ಬರುವ ಬಲವೇ ಬೇರೆ.

ಖರ್ಚು ಯಾರದು?

ಈಗ ಆ ಕಪ್ಪು ಪಟ್ಟಿಯ ಒಳಗಿನ ತತ್ವಕ್ಕೆ ಬರೋಣ. 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ಎಂಬುವರು ಒಂದು ವಿಚಾರ ಮುಂದಿಟ್ಟರು: ವಸ್ತುವನ್ನು ಮಾರಿದ ಮಾತ್ರಕ್ಕೆ ತಯಾರಕನ ಹೊಣೆ ಮುಗಿಯಬಾರದು, ಅದು ಕಸವಾದ ಮೇಲೂ ಅವನನ್ನು ಹಿಂಬಾಲಿಸಬೇಕು. ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಎಂಬ ಭಾರದ ಹೆಸರಿನ ಈ ತತ್ವದ ಒಳಗೆ ಒಂದು ಜಾಣ ಲೆಕ್ಕವಿದೆ. ಕಸದ ಖರ್ಚು ತನ್ನ ಜೇಬಿನಿಂದ ಹೋಗುತ್ತದೆ ಎಂದಾದರೆ ತಯಾರಕ ಮೊದಲಿನಿಂದಲೇ ಸುಲಭವಾಗಿ ಬಿಚ್ಚಬಹುದಾದ, ವಿಷ ಕಡಿಮೆಯಿರುವ ವಸ್ತು ಮಾಡುತ್ತಾನೆ.

ಯುರೋಪಿನ ಒಕ್ಕೂಟ ಇದನ್ನು 2003ರ ಆರಂಭದಲ್ಲಿ ಕಾನೂನು ಮಾಡಿತು. ಜೊತೆಗೇ ಬಂದ ಇನ್ನೊಂದು ಕಾನೂನು ಸೀಸ, ಪಾದರಸ, ಕ್ಯಾಡ್ಮಿಯಮ್, ಆರು ವೇಲೆನ್ಸಿಯ ಕ್ರೋಮಿಯಮ್ ಮತ್ತು ಎರಡು ಬಗೆಯ ಬ್ರೋಮಿನ್ ಅಗ್ನಿನಿರೋಧಕಗಳನ್ನು 2006ರ ಜುಲೈ 1ರಿಂದ ಹೊಸ ಉಪಕರಣಗಳಲ್ಲಿ ನಿರ್ಬಂಧಿಸಿತು. ನನ್ನ ಮಟ್ಟಿಗೆ ಇ-ತ್ಯಾಜ್ಯದ ಎಲ್ಲ ಕಾನೂನುಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಈ ಎರಡನೆಯದು. ಹಳೆಯ ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತಿತ್ತು, ಸೀಸವಿಲ್ಲದ ಹೊಸ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಜಗತ್ತಿನ ಬೆಸುಗೆ ಸಾಲುಗಳೆಲ್ಲ ತಮ್ಮ ಒಲೆಗಳ ಉರಿ ಏರಿಸಬೇಕಾಯಿತು. ಯುರೋಪಿಗೊಂದು, ಉಳಿದವರಿಗೊಂದು ಎಂದು ಎರಡು ಬಗೆ ಮಾಡುವುದು ದುಬಾರಿಯಾದ್ದರಿಂದ ಹೆಚ್ಚಿನ ಕಂಪನಿಗಳು ಎಲ್ಲೆಡೆಯ ಸರಕನ್ನೂ ಬದಲಿಸಿದವು. ವಿಷ ಒಳಗೇ ಬರದಿದ್ದರೆ ಅದನ್ನು ಹೊರತೆಗೆಯುವ ಪ್ರಶ್ನೆ ಏಳುವುದಿಲ್ಲ. ಇನ್‌ಸ್ಪೆಕ್ಟರ್ ಲಂಚ ತಿಂದರೂ ಬೋರ್ಡಿನಲ್ಲಿ ಇಲ್ಲದ ಸೀಸ ಹೊಳೆಗೆ ಸೇರುವುದಿಲ್ಲ.

ಮೊದಲನೆಯ ಕಾನೂನಿನ ಹಣೆಬರಹ ಅಷ್ಟು ಚೆನ್ನಾಗಿಲ್ಲ. ಕಾಗದದಲ್ಲಿ ಪ್ರತಿ ಕಂಪನಿ ತನ್ನ ಸರಕಿಗೆ ತಾನೇ ಹೊಣೆ. ಆದರೆ ಕಸದ ರಾಶಿಯಲ್ಲಿ ಇದು ನನ್ನದು, ಅದು ಅವನದು ಎಂದು ಬೇರ್ಪಡಿಸುವವರು ಯಾರು? ಕಂಪನಿಗಳು ಸೇರಿ ಸಂಘ ಮಾಡಿಕೊಂಡು, ಮಾರಾಟದ ತೂಕಕ್ಕೆ ತಕ್ಕಂತೆ ಖರ್ಚು ಹಂಚಿಕೊಂಡವು. ಇದರ ಪರಿಣಾಮವನ್ನು ಹೀಗೆ ಊಹಿಸಿ. ಒಬ್ಬ ತಯಾರಕ ಬ್ಯಾಟರಿಯನ್ನು ಎರಡು ಸ್ಕ್ರೂ ಹಾಕಿ ಕೂರಿಸುತ್ತಾನೆ, ಇನ್ನೊಬ್ಬ ಅಂಟು ಸುರಿದು ಮುಚ್ಚುತ್ತಾನೆ. ಬಿಚ್ಚುವಾಗ ಮೊದಲನೆಯದಕ್ಕೆ ಅರೆ ನಿಮಿಷ, ಎರಡನೆಯದಕ್ಕೆ ಕಾಲು ಗಂಟೆ. ಆದರೆ ಇಬ್ಬರೂ ತೂಕಕ್ಕೆ ಒಂದೇ ದರ ಕೊಡುತ್ತಾರೆ. ಸ್ಕ್ರೂ ಹಾಕಿದವನಿಗೆ ಏನು ಲಾಭ? ಊಟದ ಬಿಲ್ಲನ್ನು ಸಮನಾಗಿ ಹಂಚುವ ಪಂಕ್ತಿಯಲ್ಲಿ ಮಿತವಾಗಿ ತಿಂದವನ ಪಾಡು ಅವನದು. ತತ್ವದ ಜಾಣ ಲೆಕ್ಕ ಇಲ್ಲಿ ಸದ್ದಿಲ್ಲದೆ ಸತ್ತಿತು. ಸಂಗ್ರಹದ ಗುರಿಯೂ ಹಾಗೆಯೇ. 2019ರಿಂದ ಹಿಂದಿನ ಮೂರು ವರ್ಷಗಳ ಸರಾಸರಿ ಮಾರಾಟದ ಶೇ 65ರಷ್ಟನ್ನು ಸಂಗ್ರಹಿಸಬೇಕು ಎಂದಿದ್ದರೂ ಬಹುತೇಕ ಸದಸ್ಯ ದೇಶಗಳು ಅದರ ಹತ್ತಿರ ಸುಳಿದಿಲ್ಲ.

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಸ್ವಿಟ್ಜರ್ಲೆಂಡಿನಲ್ಲಿ ಕೊಳ್ಳುವಾಗಲೇ ಬೆಲೆಯಲ್ಲಿ ಮರುಬಳಕೆಯ ಶುಲ್ಕ ಸೇರಿರುತ್ತದೆ. ಜಪಾನಿನಲ್ಲಿ 2001ರಿಂದ ದೊಡ್ಡ ಗೃಹೋಪಕರಣಗಳನ್ನು ಬಿಸಾಡುವವನೇ ಹಣ ತೆರಬೇಕು. ಭಾರತ 2011ರಲ್ಲಿ ನಿಯಮ ಮಾಡಿತು. 2022ರಲ್ಲಿ ರೂಪಿಸಿದ ನಿಯಮಗಳಂತೆ ತಯಾರಕರು ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡು ತಮ್ಮ ಗುರಿ ತೋರಿಸುತ್ತಾರೆ. ಪ್ರಮಾಣಪತ್ರದ ವ್ಯವಸ್ಥೆಗೆ ಅದರದೇ ರೋಗವಿದೆ: ಕಾಗದ ಓಡಾಡುವಷ್ಟು ಸಲೀಸಾಗಿ ಕಸ ಓಡಾಡುವುದಿಲ್ಲ. 2023ರ ಹೊತ್ತಿಗೆ 81 ದೇಶಗಳಲ್ಲಿ ಇ-ತ್ಯಾಜ್ಯಕ್ಕೆ ಏನಾದರೊಂದು ಕಾನೂನು ಇತ್ತು, 67ರಲ್ಲಿ ತಯಾರಕರ ಹೊಣೆಯ ಮಾತೂ ಇತ್ತು. ಅಂದರೆ ಜಗತ್ತಿನ ಅರ್ಧಕ್ಕಿಂತ ಹೆಚ್ಚು ದೇಶಗಳಲ್ಲಿ ಏನೂ ಇರಲಿಲ್ಲ.

ಕಾಗದವನ್ನು ನಂಬದವರು ಕಸದ ಬೆನ್ನು ಹತ್ತಿದ ಬಗೆಯನ್ನು ಇಲ್ಲೇ ಹೇಳಬೇಕು. ಬಾಸೆಲ್ ಆ್ಯಕ್ಷನ್ ನೆಟ್‌ವರ್ಕ್ ಹಾಳಾದ ಮಾನಿಟರು, ಪ್ರಿಂಟರುಗಳ ಒಳಗೆ ಜಿಪಿಎಸ್ ಸಾಧನ ಅಡಗಿಸಿ ಅಮೆರಿಕದ ಮರುಬಳಕೆ ಕೇಂದ್ರಗಳಿಗೆ ಕೊಟ್ಟಿತು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಟ್ಟ 200 ಸಾಧನಗಳಲ್ಲಿ ಸುಮಾರು ಮೂರನೇ ಒಂದು ಭಾಗ ದೇಶ ಬಿಟ್ಟು ಹೊರಟಿದ್ದವು, ಹೆಚ್ಚಿನವು ಹಾಂಗ್‌ಕಾಂಗ್‌ನ ಗ್ರಾಮೀಣ ಅಂಚಿನಲ್ಲಿ ಬೇಲಿ ಹಾಕಿದ ಗುಜರಿ ಅಂಗಳಗಳಲ್ಲಿ ಸಿಕ್ಕವು. ಹೋಗಿ ನೋಡಿದರೆ ಎಲ್‌ಸಿಡಿ ಪರದೆಗಳನ್ನು ಒಡೆದು, ಪಾದರಸದ ಕೊಳವೆಗಳ ಚೂರು ನೆಲದ ತುಂಬಾ ಹರಡಿತ್ತು. ಅವುಗಳಲ್ಲಿ ಕೆಲವು ವಾಷಿಂಗ್ಟನ್ ರಾಜ್ಯದ ಒಂದು ಮರುಬಳಕೆ ಸಂಸ್ಥೆಗೆ ಕೊಟ್ಟಿದ್ದ ಪರದೆಗಳು. ತಾನು ಏನನ್ನೂ ಹೊರದೇಶಕ್ಕೆ ಕಳುಹಿಸುವುದಿಲ್ಲ ಎಂದು ವರ್ಷಗಳಿಂದ ಹೇಳಿಕೊಂಡು, ಇದೇ ಚಳವಳಿಯ ಪ್ರಮಾಣಪತ್ರವನ್ನೂ ಗೋಡೆಗೆ ತೂಗುಹಾಕಿಕೊಂಡಿದ್ದ ಸಂಸ್ಥೆ ಅದು. 2019ರಲ್ಲಿ ಅದರ ಇಬ್ಬರು ಮಾಲೀಕರಿಗೆ ತಲಾ 28 ತಿಂಗಳ ಜೈಲಾಯಿತು. ತಮ್ಮವರೆಂದುಕೊಂಡವರೇ ಸಿಕ್ಕಿಬಿದ್ದಾಗ ಮುಚ್ಚಿಡದೆ ಬಯಲು ಮಾಡಿದ್ದು ಈ ಚಳವಳಿಯ ಬಗ್ಗೆ ನನಗೆ ಗೌರವ ಹುಟ್ಟಿಸಿದ ಸಂಗತಿಗಳಲ್ಲಿ ಒಂದು.

ಒಂದು ಕಡೆ ಕಟ್ಟೆ, ಇನ್ನೊಂದು ಕಡೆ ಹರಿವು

ಕಸವೂ ನೀರಿನ ಹಾಗೆ ತಗ್ಗಿನ ಕಡೆ ಹರಿಯುತ್ತದೆ. ಇಲ್ಲಿ ತಗ್ಗು ಎಂದರೆ ಕೂಲಿ ಕಡಿಮೆ, ಕಾವಲು ಸಡಿಲ. ಗುಯ್ಯುವಿನ ಸಣ್ಣ ಗೂಡುಗಳನ್ನೆಲ್ಲ ಒಂದು ಕೈಗಾರಿಕಾ ಪ್ರದೇಶದೊಳಕ್ಕೆ ಸೇರಿಸಿ, 2018ರಿಂದ ಚೀನಾ ಹೊರಗಿನ ಕಸಕ್ಕೆ ಬಾಗಿಲು ಬಿಗಿಯಾಗಿ ಮುಚ್ಚಿತು. ಅದೇ ವರ್ಷ ಥಾಯ್ಲೆಂಡಿನ ಬಂದರುಗಳಲ್ಲಿ ಕಂಟೈನರುಗಳು ಸಾಲುಗಟ್ಟಿದವು, ಬ್ಯಾಂಕಾಕಿನ ಸುತ್ತಲಿನ ಕಾರ್ಖಾನೆಗಳ ಮೇಲೆ ಪೊಲೀಸರು ದಾಳಿ ಮಾಡಬೇಕಾಯಿತು. ತ್ಯಾಜ್ಯ ಘಟಕಗಳಿಗೆ ನಗರಯೋಜನೆಯ ನಿಯಮದಿಂದ ವಿನಾಯಿತಿ ಕೊಟ್ಟಿದ್ದ 2016ರ ಸೇನಾಡಳಿತದ ಆದೇಶವನ್ನು ಅಲ್ಲಿನ ಪರಿಸರ ಸಂಘಟನೆಗಳು ವಿರೋಧಿಸುತ್ತಲೇ ಬಂದಿದ್ದವು. ಕಡೆಗೆ 2020ರಲ್ಲಿ 428 ಬಗೆಯ ಇ-ತ್ಯಾಜ್ಯದ ಆಮದನ್ನು ಥಾಯ್ಲೆಂಡ್ ನಿಷೇಧಿಸಿತು. ಹರಿವು ಮತ್ತೆ ಬೇರೆ ತಗ್ಗು ಹುಡುಕಿಕೊಂಡಿತು.

ಇದರ ಇನ್ನೊಂದು ಮುಖವನ್ನು ಚಳವಳಿಯ ಕಥೆಗಳು ಸಾಮಾನ್ಯವಾಗಿ ಮರೆಮಾಡುತ್ತವೆ. ಘಾನಾದ ರಾಜಧಾನಿ ಅಕ್ರಾದ ಅಗ್ಬೊಗ್ಬ್ಲೊಶಿ ಎಂಬ ಗುಜರಿ ಬಯಲು ಜಗತ್ತಿನ ಪತ್ರಿಕೆಗಳಲ್ಲಿ ಕಪ್ಪು ಹೊಗೆಯ ಚಿತ್ರವಾಗಿ ಬಂದದ್ದೇ ಬಂದದ್ದು. ವಿಷ ನಿಜ. 2019ರ ಒಂದು ಪರೀಕ್ಷೆಯ ಪ್ರಕಾರ ಅಲ್ಲಿ ಮೇಯುವ ಕೋಳಿಯ ಒಂದೇ ಮೊಟ್ಟೆ ತಿಂದರೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುವ ದಿನದ ಡಯಾಕ್ಸಿನ್ ಮಿತಿಯ 220 ಪಟ್ಟು ದೇಹ ಸೇರುತ್ತದೆ. ಆದರೆ ಆ ಬಯಲು ಬರೀ ಕಸದ ಗುಂಡಿ ಆಗಿರಲಿಲ್ಲ. ಅಲ್ಲಿ ತಕ್ಕಡಿ ಇಟ್ಟುಕೊಂಡ ವ್ಯಾಪಾರಿಗಳಿದ್ದರು, ಹಳೆಯ ಫ್ರಿಜ್ಜಿನ ಮೋಟಾರಿಗೆ ಜೀವ ಕೊಡುವ ಕುಶಲಿಗಳಿದ್ದರು, ಅವರದೇ ಸಂಘವಿತ್ತು. ಸುಡುವವರು ಆ ಜನರ ನಡುವೆ ಒಂದು ಸಣ್ಣ, ತೀರಾ ಬಡ ಗುಂಪು. ಅಲ್ಲಿಗೆ ಬರುತ್ತಿದ್ದ ಸರಕಿನಲ್ಲಿ ಘಾನಾದ ಮನೆಗಳಲ್ಲೇ ಬಳಸಿ ಮುಗಿದದ್ದು ಬಹಳ ಇತ್ತು.

2021ರ ಜುಲೈಯಲ್ಲಿ ಬುಲ್ಡೋಜರುಗಳು ಬಂದು ಆ ಗುಜರಿ ಬಯಲನ್ನು ಸಮತಟ್ಟು ಮಾಡಿದವು. ಚಿತ್ರ ಅಳಿಯಿತು, ಕೆಲಸ ಅಳಿಯಲಿಲ್ಲ. ತಕ್ಕಡಿಗಳು ಪಕ್ಕದ ಓಣಿಗಳಿಗೂ ಊರಾಚೆಗೂ ಚದುರಿದವು, ಬೆಂಕಿಯೂ ಜೊತೆಗೇ ಹೋಯಿತು. ಒಂದೆಡೆ ಇದ್ದಾಗ ವೈರು ಸುಲಿಯುವ ಯಂತ್ರವನ್ನೋ ಚಿಕಿತ್ಸಾಲಯವನ್ನೋ ಅವರ ಬಳಿಗೆ ಒಯ್ಯಬಹುದಾಗಿತ್ತು. ಕಾನೂನು ಬಂದಾಗ ‘ಅಸಂಘಟಿತ ವಲಯ’ ಎಂಬ ಮಾತಿನಡಿ ಗುಡಿಸಿ ಹಾಕಲ್ಪಡುವವರು ತಮ್ಮ ಪರವಾಗಿ ತಾವೇ ನಿಂತರೆ ಅದನ್ನೂ ಇ-ತ್ಯಾಜ್ಯದ ಚಳವಳಿ ಎಂದೇ ಎಣಿಸಬೇಕು.

ಸ್ಕ್ರೂಡ್ರೈವರ್ ಹಿಡಿದ ಚಳವಳಿ

ಕಳೆದ ಹದಿನೈದು ವರ್ಷಗಳಲ್ಲಿ ಜಗಳದ ಜಾಗ ಮತ್ತೊಮ್ಮೆ ಬದಲಾಯಿತು. ಕಸ ಎಲ್ಲಿಗೆ ಹೋಯಿತು ಎನ್ನುವುದಕ್ಕಿಂತ, ಇದು ಇಷ್ಟು ಬೇಗ ಏಕೆ ಕಸವಾಯಿತು ಎಂದು ಜನ ಕೇಳತೊಡಗಿದರು. 2009ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಮೊದಲ ‘ರಿಪೇರ್ ಕೆಫೆ’ ತೆರೆಯಿತು. ಕೆಟ್ಟ ಟೋಸ್ಟರು, ರೇಡಿಯೊ ಹಿಡಿದು ಬಂದವರ ಜೊತೆ ಕುಳಿತು ಸ್ವಯಂಸೇವಕರು ರಿಪೇರಿ ಮಾಡಿಕೊಡುವ ಸಣ್ಣ ಕೂಟ. ಇದನ್ನು ಪ್ರತಿಭಟನೆ ಎನ್ನಬಹುದೇ ಎಂದು ಕೇಳಿದರೆ, ಬಿಚ್ಚಬೇಡ ಎಂದು ಅಂಟಿಸಿದ್ದನ್ನು ಎಲ್ಲರೆದುರು ಬಿಚ್ಚುವುದಕ್ಕಿಂತ ಸ್ಪಷ್ಟವಾದ ಪ್ರತಿಭಟನೆ ನನಗೆ ತೋಚುವುದಿಲ್ಲ.

ಫ್ರಾನ್ಸ್ 2015ರಲ್ಲಿ ಉದ್ದೇಶಪೂರ್ವಕವಾಗಿ ಆಯುಸ್ಸು ಕಡಿಮೆ ಮಾಡುವುದನ್ನು ಅಪರಾಧವೆಂದು ಘೋಷಿಸಿತು. ಹಳೆಯ ಬ್ಯಾಟರಿಯಿರುವ ಐಫೋನುಗಳನ್ನು ಆಪಲ್ ತಂತ್ರಾಂಶದ ಮೂಲಕ ನಿಧಾನಗೊಳಿಸುತ್ತಿದ್ದದ್ದು 2017ರ ಕೊನೆಗೆ ಬಯಲಾದಾಗ ಅಲ್ಲಿನ ಒಂದು ಗ್ರಾಹಕ ಸಂಘಟನೆ ದೂರು ಕೊಟ್ಟಿತು. 2020ರಲ್ಲಿ, ಬಳಕೆದಾರರಿಗೆ ವಿಷಯ ತಿಳಿಸದಿದ್ದುದಕ್ಕಾಗಿ, ಕಂಪನಿ 2.5 ಕೋಟಿ ಯೂರೊ ದಂಡ ತೆತ್ತಿತು. 2021ರಲ್ಲಿ ಫ್ರಾನ್ಸಿನ ಅಂಗಡಿಗಳಲ್ಲಿ ಮೊಬೈಲು, ಲ್ಯಾಪ್‌ಟಾಪು ಮುಂತಾದವುಗಳ ಪಕ್ಕದಲ್ಲಿ ಹತ್ತಕ್ಕೆ ಇಷ್ಟು ಎಂದು ದುರಸ್ತಿಯ ಅಂಕ ಬರೆಯುವುದು ಕಡ್ಡಾಯವಾಯಿತು.

ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ತಯಾರಕರು ಎಲ್ಲರಿಗೂ ಒದಗಿಸಬೇಕೆನ್ನುವ ನ್ಯೂಯಾರ್ಕ್ ರಾಜ್ಯದ ದುರಸ್ತಿ ಕಾನೂನು ಇನ್ನೊಂದು ಪಾಠ. ಶಾಸನಸಭೆ ಒಪ್ಪಿದ ಮಸೂದೆಗೆ 2022ರ ಡಿಸೆಂಬರ್ ಕೊನೆಯ ವಾರ ಸಹಿ ಬೀಳುವಷ್ಟರಲ್ಲಿ ಅದು ಸೊರಗಿತ್ತು. 2023ರ ಜುಲೈ 1ಕ್ಕೆ ಮುಂಚಿನ ಉಪಕರಣಗಳಿಗೆ ಅದು ಅನ್ವಯಿಸುವುದಿಲ್ಲ; ಕಂಪನಿಗಳು ಒಂದು ಸಣ್ಣ ಬಿಡಿಭಾಗದ ಬದಲು ಇಡೀ ಜೋಡಣೆಯನ್ನೇ ಮಾರಬಹುದು. ಒಂದು ಗುಂಡಿ ಕೇಳಿದವನಿಗೆ ಅಂಗಿ ಕೊಳ್ಳು ಎಂದ ಹಾಗೆ. ಮುಂದಿನ ರಾಜ್ಯಗಳು ಈ ತೂತುಗಳನ್ನು ನೋಡಿಕೊಂಡೇ ಬರೆದವು. 2024ರಲ್ಲಿ ಆರೆಗಾನ್, ಬಿಡಿಭಾಗವನ್ನು ತಂತ್ರಾಂಶದ ಮೂಲಕ ಒಂದೇ ಫೋನಿಗೆ ಕಟ್ಟಿಹಾಕಿ ಬೇರೆಯವರು ಬದಲಿಸಿದರೆ ಕೆಲಸ ಮಾಡದಂತೆ ತಡೆಯುವ ತಂತ್ರವನ್ನೂ ನಿಷೇಧಿಸಿತು.

ಯಾವುದು ಕಸ?

ಈ ಹಾದಿಗಳೆಲ್ಲ ಈಗ ಒಂದು ಪದದ ಮುಂದೆ ಬಂದು ಡಿಕ್ಕಿ ಹೊಡೆದಿವೆ. ಬಾಸೆಲ್ ಒಪ್ಪಂದ ತಡೆಯುವುದು ತ್ಯಾಜ್ಯವನ್ನು. ಹಾಗಾದರೆ ತಪ್ಪಿಸಿಕೊಳ್ಳುವ ಸುಲಭೋಪಾಯ ಅದನ್ನು ತ್ಯಾಜ್ಯ ಎಂದು ಕರೆಯದಿರುವುದು. ದಶಕಗಳ ಕಾಲ ಎರಡು ಬಾಗಿಲು ತೆರೆದಿದ್ದವು. ‘ಇದು ಅಪಾಯಕಾರಿ ಅಲ್ಲದ ಇ-ತ್ಯಾಜ್ಯ’ ಎನ್ನುವುದು ಮೊದಲನೆಯದು. ‘ಇದು ಕಸವೇ ಅಲ್ಲ, ಬಳಸಿದ ಸಾಮಾನು’ ಎನ್ನುವುದು ಎರಡನೆಯದು.

ಮೊದಲ ಬಾಗಿಲು ಮುಚ್ಚಿತು. ಸ್ವಿಟ್ಜರ್ಲೆಂಡಿನ ಜೊತೆ ಸೇರಿ ಆ ತಿದ್ದುಪಡಿ ಸೂಚಿಸಿದ್ದು ಘಾನಾ, ಅಗ್ಬೊಗ್ಬ್ಲೊಶಿಯ ದೇಶ. 2022ರಲ್ಲಿ ಅಂಗೀಕಾರವಾಗಿ 2025ರ ಜನವರಿ 1ರಿಂದ ಜಾರಿಯಾದ ಈ ಬದಲಾವಣೆಯಂತೆ ಅಪಾಯಕಾರಿಯಿರಲಿ, ಇಲ್ಲದಿರಲಿ, ಎಲ್ಲ ಇ-ತ್ಯಾಜ್ಯಕ್ಕೂ ಪೂರ್ವಮಾಹಿತಿ ಸಮ್ಮತಿ ಬೇಕು. ಆರಂಭದಲ್ಲಿ ಹೇಳಿದ ವೈ49, ಎ1181 ಎಂಬ ಸಂಕೇತಗಳ ಅರ್ಥ ಇಷ್ಟೇ: ಮೊದಲನೆಯದು ಅಪಾಯಕಾರಿ ಅಲ್ಲದ್ದಕ್ಕೆ, ಎರಡನೆಯದು ಅಪಾಯಕಾರಿಗೆ.

ಎರಡನೆಯ ಬಾಗಿಲು ಅಷ್ಟು ಸುಲಭಕ್ಕೆ ಮುಚ್ಚುವಂಥದ್ದಲ್ಲ. ಬಂದರಿನಲ್ಲಿ ಕಂಟೈನರ್ ತೆರೆದ ಅಧಿಕಾರಿಯ ಜಾಗದಲ್ಲಿ ನಿಂತು ನೋಡಿ. ಮುಂದಿನ ಸಾಲಿನಲ್ಲಿ ಚೆನ್ನಾಗಿ ಸುತ್ತಿದ ಟಿವಿಗಳು, ಹಿಂದೆ ಒಂದರ ಮೇಲೊಂದು ಎಸೆದ ರಾಶಿ. ಬಳಸಿದ ಸರಕು ಎನ್ನುವವನು ಪ್ರತಿ ಉಪಕರಣ ಪರೀಕ್ಷಿಸಿದ ದಾಖಲೆ, ಮಾರಾಟದ ರಸೀದಿ, ಸರಿಯಾದ ಪ್ಯಾಕಿಂಗ್ ತೋರಿಸಬೇಕು ಎಂದು ಬಾಸೆಲ್‌ನ ಮಾರ್ಗಸೂಚಿ ಹೇಳುತ್ತದೆ. ಆದರೆ ಕೆಲಸ ಮಾಡದ ಉಪಕರಣವನ್ನೂ ದುರಸ್ತಿಗೆಂದು ಕಳುಹಿಸುವುದಾದರೆ ಕೆಲವು ಷರತ್ತುಗಳ ಮೇಲೆ ತ್ಯಾಜ್ಯವಲ್ಲ ಎಂದು ಪರಿಗಣಿಸಬಹುದು ಎಂಬ ಒಂದು ಕಂಡಿಕೆಯೂ ಅದರಲ್ಲಿದೆ. ತಯಾರಕರಿಗೆ ಅದು ಬೇಕು. ಕೆಟ್ಟ ಬಿಡಿಭಾಗಗಳನ್ನು ತಮ್ಮ ದುರಸ್ತಿ ಕೇಂದ್ರಗಳಿಗೆ ಗಡಿ ದಾಟಿಸಬೇಕಲ್ಲ. ಬಾಸೆಲ್ ಆ್ಯಕ್ಷನ್ ನೆಟ್‌ವರ್ಕ್‌ನ ಚಳವಳಿಗಾರರಿಗೆ ಅದು ಹಡಗು ನುಗ್ಗುವಷ್ಟು ದೊಡ್ಡ ಕಿಂಡಿ. ದುರಸ್ತಿಯ ಹಕ್ಕಿಗೆ ಹೋರಾಡುವವರು ನಡುವೆ ಸಿಕ್ಕಿಬಿದ್ದಿದ್ದಾರೆ. ಅಕ್ರಾದ ರಿಪೇರಿಗಾರ ಹೊತ್ತಿಕೊಳ್ಳದ ಟಿವಿಯನ್ನೇ ಹುಡುಕಿ ಕೊಳ್ಳುತ್ತಾನೆ, ಏಕೆಂದರೆ ಅದು ಅಗ್ಗ, ಅದನ್ನು ಸರಿಮಾಡುವ ಕೈಚಳಕವೇ ಅವನ ಬಂಡವಾಳ. ಬಂದರಿನ ಕಡತದಲ್ಲಿ ಕಸವಾಗಿದ್ದ ಟಿವಿ ಅವನ ಮೇಜಿನ ಮೇಲೆ ಸರಕು. ಅವನಿಂದ ರಿಪೇರಿಯಾಗದೆ ಉಳಿದ ಮೂರು ಟಿವಿಗಳು ಹಿತ್ತಿಲ ಬೆಂಕಿಗೆ ಹೋಗುತ್ತವೆ ಎಂಬುದೂ ನಿಜ.

ಪರೀಕ್ಷೆ ಮಾಡಿ ಕಳುಹಿಸುವ ಭಾರ ಕಳುಹಿಸುವವನ ಮೇಲೇ ಇರಬೇಕು, ರಿಪೇರಿಯಾಗದೆ ಉಳಿದದ್ದರ ಖರ್ಚೂ ಅವನೇ ಹೊರಬೇಕು ಎಂಬ ವಾದದ ಕಡೆಗೆ ನಾನು ವಾಲುತ್ತೇನೆ. ಕಪ್ಪು ಪಟ್ಟಿಯ ತತ್ವವನ್ನು ಗಡಿಯಾಚೆಗೂ ಎಳೆದರೆ ಬರುವುದು ಅದೇ. ಆದರೆ ಸದಸ್ಯ ದೇಶಗಳು ಒಮ್ಮತಕ್ಕೆ ಬರಲಿಲ್ಲ. 2015ರಲ್ಲಿ ಆ ಮಾರ್ಗಸೂಚಿಯನ್ನು ‘ತಾತ್ಕಾಲಿಕವಾಗಿ’ ಅಂಗೀಕರಿಸಿದರು. ನಾಲ್ಕು ವರ್ಷ ಚರ್ಚಿಸಿ, 2019ರಲ್ಲಿ ತಿದ್ದಿದ ಪ್ರತಿಯನ್ನು ಮುಂದಿಟ್ಟುಕೊಂಡು, ಅದನ್ನೂ ತಾತ್ಕಾಲಿಕವಾಗಿಯೇ ಅಂಗೀಕರಿಸಿದರು.